ಹಾಡಿದವರನ್ನು ಎಡಿಟಿಂಗ್ ಟೇಬಲ್ಲಿಗೆ ಕರೆಯಿರಿ

‘ಅವರಾ? ಅವರು ಆ್ಯಡ್ ಮಾಡೋರು ಬಿಡ್ರೀ.’

ಕಳೆದ ತಿಂಗಳು ಒಂದು ವಿಚಾರ ಸಂಕಿರಣದ ಚಹಾ ವಿರಾಮದಲ್ಲಿ ಹಿರಿಯರೊಬ್ಬರು ಹೀಗೆ ಹೇಳಿ, ವಿಷಯ ಅಲ್ಲಿಗೆ ಮುಗಿಯಿತೆನ್ನುವಂತೆ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡರು. ಮಾತು ನಡೆಯುತ್ತಿದ್ದದ್ದು ಸಂಗೀತದ ಬಗ್ಗೆ ಸಾಕ್ಷ್ಯಚಿತ್ರ ಮಾಡುವ ಜೋಡಿಯೊಂದರ ಕುರಿತು. ಹೊಟ್ಟೆಪಾಡಿಗೆ ಜಾಹೀರಾತು, ಮನಸ್ಸಿನ ಸಮಾಧಾನಕ್ಕೆ ಸಾಕ್ಷ್ಯಚಿತ್ರ. ಇಂಥ ಜೋಡಿಗಳು ಬೆಂಗಳೂರಿನಲ್ಲಿ ಈಗ ಹಲವು ಇವೆ. ಸುತ್ತ ನಿಂತವರೆಲ್ಲ ತಲೆಯಾಡಿಸಿದರು. ನಾನೂ ಆಡಿಸಬೇಕಿತ್ತು. ಅಂಥದೇ ಒಂದು ಜೋಡಿ ನಮ್ಮೂರಿಗೆ ಬಂದು ಮಾಡಿಹೋದ ಕೆಲಸದ ಮೇಲೆ ನನಗೆ ಎರಡು ವರ್ಷದಿಂದ ಸಿಟ್ಟಿದೆ. ಆದರೆ ಆ ‘ಬಿಡ್ರೀ’ ಕೇಳಿದ ಕೂಡಲೇ ಸಿಟ್ಟು ಬೇರೆ ಕಡೆಗೆ ತಿರುಗಿತು. ಜಾಹೀರಾತು ಮಾಡುವುದೇ ಅವರ ತಪ್ಪು ಎಂದುಬಿಟ್ಟರೆ, ಜಾಹೀರಾತು ಮಾಡದ ನಾವೆಲ್ಲ ಸುಲಭಕ್ಕೆ ಬಚಾವಾಗುತ್ತೇವೆ. ಹಾಗೆ ಬಚಾವಾಗಲು ಬಿಡಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ಮೇಗರವಳ್ಳಿ, ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ. ಕ್ಯಾಮೆರಾ ನಮಗೆ ಹೊಸದಲ್ಲ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ಗೆಂದು ಆಗುಂಬೆಯಲ್ಲಿ ಬೀಡುಬಿಟ್ಟಿದ್ದ ಕಾಲದ ಕತೆಗಳನ್ನು ಕೇಳುತ್ತ ಬೆಳೆದವರು ನಾವು. ಗಿರೀಶ ಕಾಸರವಳ್ಳಿಯವರ ಹುಟ್ಟೂರು ಕೆಸಲೂರು ನಮ್ಮದೇ ತಾಲ್ಲೂಕಿನದು. ಆದರೆ ಈಚೆಗೆ ಬರುವ ಕ್ಯಾಮೆರಾ ಬೇರೆ ಜಾತಿಯದು. ಅದಕ್ಕೆ ಕತೆ ಬೇಡ, ಮಳೆ ಬೇಕು. ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಸುರಿಯುವ ಆಗುಂಬೆ ಸೀಮೆಯ ಮಳೆ ಚಹಾಪುಡಿಗೂ ಆಗುತ್ತದೆ, ಕಾರಿಗೂ ಆಗುತ್ತದೆ, ಹೋಮ್‌ಸ್ಟೇಗಂತೂ ಹೇಳಿ ಮಾಡಿಸಿದಂತೆ ಆಗುತ್ತದೆ.

ಆ ಇಬ್ಬರೂ ಬಂದದ್ದು ಆಷಾಢದಲ್ಲಿ. ಅವರಿಗೆ ಬೇಕಾದದ್ದು ಅಂಟಿಗೆ-ಪಂಟಿಗೆ.

ಘಟ್ಟದ ಕೆಳಗಿನವರಿಗೆ, ಬಯಲು ಸೀಮೆಯವರಿಗೆ ಒಂದು ಮಾತು ಹೇಳಬೇಕು. ಅಂಟಿಗೆ-ಪಂಟಿಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ದೀಪಾವಳಿಯ ಹಾಡು. ಹಾಡು ಎಂದರೆ ಅರ್ಧ ಮಾತ್ರ ಹೇಳಿದಂತೆ. ಅದು ನಡಿಗೆ ಕೂಡ. ಊರ ದೇವರ ಮುಂದೆ ಹೊತ್ತಿಸಿದ ದೀಪವನ್ನು ಹಿಡಿದು, ಅದು ಆರದಂತೆ ಕಾಯುತ್ತ, ರಾತ್ರಿಯಿಡೀ ಗದ್ದೆ ಬದು, ತೋಟದ ಸಂಕ ದಾಟಿ ಮನೆಯಿಂದ ಮನೆಗೆ ಹೋಗುವುದು. ಮನೆಯ ಬಾಗಿಲು ಹಾಕಿರುತ್ತದೆ. ಇಬ್ಬರು ಹೇಳುತ್ತಾರೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಬಾಗಿಲು ತೆಗೆಸುವುದಕ್ಕೇ ಬೇರೆ ಪದವಿದೆ. ಪದ ಮುಂದೆ ಸಾಗಿದ ಮೇಲೆ ಒಳಗಿನಿಂದ ಅಗುಳಿಯ ಸದ್ದು ಕೇಳುತ್ತದೆ, ಮನೆಯ ಹೆಂಗಸರು ದೀಪ ಹಿಡಿದು ಬರುತ್ತಾರೆ, ಎಣ್ಣೆ ಎರೆಯುತ್ತಾರೆ, ದೀಪದಿಂದ ದೀಪ ಹೊತ್ತಿಸಿಕೊಳ್ಳುತ್ತಾರೆ. ಅಕ್ಕಿ, ಕಾಯಿ, ಕಜ್ಜಾಯ, ಕಾಣಿಕೆ ಕೊಡುತ್ತಾರೆ. ಮತ್ತೆ ಮುಂದಿನ ಮನೆ. ನಮ್ಮ ದೊಡ್ಡಪ್ಪ ನಲವತ್ತು ವರ್ಷದಿಂದ ಮುಂದೆ ನಿಂತು ಹೇಳುವವರು.

ದೀಪಾವಳಿ ಕಾರ್ತಿಕದ ಬಾಯಲ್ಲಿ ಬರುತ್ತದೆ, ಅಷ್ಟು ಹೊತ್ತಿಗೆ ಮಳೆ ಹಿಂದೆಗೆದಿರುತ್ತದೆ. ಜೋಡಿಗೆ ಹಾಡೂ ಬೇಕು, ಮಳೆಯೂ ಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಹೇಳುವ ಹಾಡಲ್ಲ ಅದು ಎಂದು ದೊಡ್ಡಪ್ಪ ಮೊದಲ ದಿನ ಒಪ್ಪಲಿಲ್ಲ. ಒಪ್ಪಿಸಿದವನು ನಾನು. ಅವರನ್ನು ಊರಿಗೆ ಕರೆದುಕೊಂಡು ಹೋದವನೂ ನಾನೇ. ಸಂಶೋಧನೆಯ ವಿಷಯ ಮಲೆನಾಡಿನ ಹಾಡು ಸಂಪ್ರದಾಯಗಳ ದಾಖಲಾತಿ. ಫೆಲೋಶಿಪ್ ಬಂದು ಐದು ತಿಂಗಳಾಗಿರಲಿಲ್ಲ. ಎರಡು ದಿನದ ‘ಲೋಕಲ್ ಕೋಆರ್ಡಿನೇಟರ್’ ಕೆಲಸಕ್ಕೆ ಆರು ಸಾವಿರ ಕೊಡುತ್ತೇವೆಂದರು. ಚಿತ್ರದ ಕೊನೆಯಲ್ಲಿ ನನ್ನ ಹೆಸರೂ ಇದೆ, ಒಂದು ಅಕ್ಷರ ತಪ್ಪಾಗಿ.

ಕೆಟ್ಟವರೇನಲ್ಲ ಅವರು. ಅದನ್ನು ಮೊದಲೇ ಹೇಳಿಬಿಡಬೇಕು. ಇಂಬಳ ಹತ್ತಿದ ಕಾಲಿನಲ್ಲೇ ಎರಡು ದಿನ ನಿಂತು ಕೆಲಸ ಮಾಡಿದರು. ಅವರ ಜೊತೆ ಬಂದ ಸೌಂಡ್ ರೆಕಾರ್ಡಿಸ್ಟ್ ಹುಡುಗ ಹೆಂಚಿನ ಮೇಲಿನ ಮಳೆಯ ಸದ್ದನ್ನು ಬೇರೆ, ಧ್ವನಿಯನ್ನು ಬೇರೆ ಹಿಡಿದ ರೀತಿ ನೋಡಿ ನನಗೆ ನಾಚಿಕೆಯಾಯಿತು. ನನ್ನ ಬಳಿ ಮೊಬೈಲಿನಲ್ಲಿ ಮುದ್ರಿಸಿದ ಆರು ಗಂಟೆಯ ಹಾಡಿದೆ. ಅದರಲ್ಲಿ ಅರ್ಧ ನನ್ನದೇ ಕೆಮ್ಮು, ಉಳಿದರ್ಧ ಪಕ್ಕದ ಮನೆಯ ನಾಯಿ. ಆ ಹುಡುಗ ಹೆಡ್‌ಫೋನನ್ನು ದೊಡ್ಡಪ್ಪನ ಕಿವಿಗಿಟ್ಟು ಈಗಷ್ಟೇ ಹೇಳಿದ ಪದ ಕೇಳಿಸಿದ. ದೊಡ್ಡಪ್ಪ ಜಗುಲಿಯ ಕಂಬಕ್ಕೆ ಒರಗಿ ಕಣ್ಣುಮುಚ್ಚಿ ಕೇಳಿದರು. ‘ಇದು ನಂದೇ ಸ್ವರನಾ?’ ಎಂದರು. ಇನ್ನೊಮ್ಮೆ ಕೇಳಿದರು. ಜಾಹೀರಾತಿನ ಕೆಲಸದಲ್ಲಿ ಪಳಗಿದ ಕೈಗಳು ಕೊಡಬಹುದಾದದ್ದು ಇದು, ಮತ್ತು ಇದು ಸಣ್ಣದಲ್ಲ. ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳಲ್ಲಿ ಬೂಷ್ಟು ಹಿಡಿದು ಕೂತ ಕ್ಯಾಸೆಟ್ಟುಗಳನ್ನು ಕೇಳಿಸಿಕೊಂಡ ಯಾರಿಗಾದರೂ ಇದು ಅರ್ಥವಾಗುತ್ತದೆ.

ಚಿತ್ರ ಬಂತು. ಹನ್ನೊಂದು ನಿಮಿಷ. ಹಾಡು ನಲವತ್ತು ಸೆಕೆಂಡು. ಡ್ರೋನು ಅಡಿಕೆ ತೋಟದ ಮೇಲೆ ಹಾರುತ್ತದೆ, ಹಾಡಿನ ಮೇಲೆ ಪಿಟೀಲು ಹರಡುತ್ತದೆ, ನಶಿಸುತ್ತಿರುವ ಪರಂಪರೆಯ ಬಗ್ಗೆ ಯಾರೋ ಇಂಪಾದ ದನಿಯಲ್ಲಿ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಹಾಡು ಶುರುವಾಗುವಾಗಲೇ ಬಾಗಿಲು ತೆರೆದೇ ಇರುತ್ತದೆ. ಒಳಗಿನಿಂದ ಹಳದಿ ಬೆಳಕು ಚೆಲ್ಲಿದರೆ ಚೆನ್ನಾಗಿ ಕಾಣುತ್ತದಲ್ಲ. ನಾನು ಲ್ಯಾಪ್‌ಟಾಪಿನಲ್ಲಿ ಮನೆಯವರಿಗೆಲ್ಲ ತೋರಿಸಿದೆ. ದೊಡ್ಡಮ್ಮನಿಗೆ ತೋಟ ನೋಡಿ ಖುಷಿಯಾಯಿತು. ದೊಡ್ಡಪ್ಪ ಮುಗಿಯುವವರೆಗೂ ಸುಮ್ಮನಿದ್ದು ಕೇಳಿದರು: ‘ಬಾಗ್ಲು ತೆಗ್ಸಿದ್ದು ಎಲ್ಲೂ ಇಲ್ವಲ್ಲ ಮಾರಾಯ ಇದ್ರಲ್ಲಿ?’

ಎರಡು ತಿಂಗಳು ಬಿಟ್ಟು ಅದೇ ನಲವತ್ತು ಸೆಕೆಂಡಿನಲ್ಲಿ ಹನ್ನೆರಡು ಸೆಕೆಂಡು, ಚಿತ್ರಕ್ಕೆ ದುಡ್ಡು ಹಾಕಿದ ಪ್ರವಾಸದ ವ್ಯಾಪಾರದವರ ಜಾಹೀರಾತಿನಲ್ಲಿ ಬಂತು. ಅದೇ ದೀಪ, ಅದೇ ಮಳೆ, ದೊಡ್ಡಪ್ಪನ ಅದೇ ಮುಖ, ಕೆಳಗೆ ಬುಕಿಂಗ್ ನಂಬರು.

ಈಗ ಆ ಸಂಕಿರಣದ ಹಿರಿಯರು ‘ನೋಡಿದ್ರಾ, ಹೇಳಲಿಲ್ವಾ’ ಎನ್ನಬಹುದು. ಅವರಿಗೆ ಅಮೆರಿಕದ ಇಬ್ಬರು ಅಣ್ಣತಮ್ಮಂದಿರ ವಿಷಯ ಹೇಳಬೇಕು.

ಆಲ್ಬರ್ಟ್ ಮೇಯ್ಸಲ್ಸ್, ಡೇವಿಡ್ ಮೇಯ್ಸಲ್ಸ್. ಅಣ್ಣ ಕ್ಯಾಮೆರಾ, ತಮ್ಮ ಧ್ವನಿ. ಮನಃಶಾಸ್ತ್ರ ಪಾಠ ಮಾಡುತ್ತಿದ್ದ ಆಲ್ಬರ್ಟ್ 1955ರಲ್ಲಿ ಸೋವಿಯತ್ ರಷ್ಯಾಕ್ಕೆ ಹೋಗಿ ಅಲ್ಲಿನ ಮಾನಸಿಕ ಆಸ್ಪತ್ರೆಗಳನ್ನು ಚಿತ್ರೀಕರಿಸಿಕೊಂಡು ಬಂದವರು. 1964ರಲ್ಲಿ ಬೀಟಲ್ಸ್ ಮೊದಲ ಸಲ ಅಮೆರಿಕಕ್ಕೆ ಬಂದಾಗ ಇಬ್ಬರೂ ಅವರ ಹಿಂದೆ ಬಿದ್ದು ಚಿತ್ರ ಮಾಡಿದರು. ಜೀವಮಾನವಿಡೀ ಇವರ ಅನ್ನದ ದಾರಿ ಜಾಹೀರಾತು ಮತ್ತು ಕಂಪನಿಗಳಿಗೆ ಮಾಡಿಕೊಟ್ಟ ಚಿತ್ರಗಳು. ಅದರಲ್ಲಿ ದುಡಿದದ್ದನ್ನು ಯಾರೂ ದುಡ್ಡು ಹಾಕದ ತಮ್ಮ ಚಿತ್ರಗಳಿಗೆ ಸುರಿದರು. 1969ರ ‘ಸೇಲ್ಸ್‌ಮನ್’ ಅಂಥದು. ಮನೆಮನೆಯ ಬಾಗಿಲು ತಟ್ಟಿ ಬೈಬಲ್ ಮಾರುವ ನಾಲ್ವರ ಕತೆ. ಮಾರಾಟದ ಕಸುಬನ್ನು ಒಳಗಿನಿಂದ ಬಲ್ಲವರು ಮಾತ್ರ ಮಾರಲಾಗದವನ ಮುಖವನ್ನು ಅಷ್ಟು ಹೊತ್ತು ನೋಡಬಲ್ಲರು. ಅವರ ಜಾಹೀರಾತು ಆ ಚಿತ್ರವನ್ನು ಕೆಡಿಸಲಿಲ್ಲ; ಅದರ ಕಣ್ಣನ್ನೇ ಚೂಪು ಮಾಡಿತು ಎಂದು ನನಗೆ ಅನ್ನಿಸುತ್ತದೆ.

ಆದರೆ ನನಗಿಲ್ಲಿ ಬೇಕಾದದ್ದು 1970ರ ‘ಗಿಮ್ಮಿ ಶೆಲ್ಟರ್’. ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ 1969ರ ಅಮೆರಿಕ ಪ್ರವಾಸದ ಚಿತ್ರ. ಬೇರೆ ಯಾರಾಗಿದ್ದರೂ ಅದು ಬ್ಯಾಂಡಿನ ಜಾಹೀರಾತಾಗುತ್ತಿತ್ತು. ಪ್ರವಾಸದ ಕೊನೆಗೆ, ಡಿಸೆಂಬರ್ 6ರಂದು, ಕ್ಯಾಲಿಫೋರ್ನಿಯಾದ ಆಲ್ಟಮಾಂಟ್‌ನಲ್ಲಿ ಉಚಿತ ಕಛೇರಿ. ಕಾವಲಿಗೆ ಹೆಲ್ಸ್ ಏಂಜೆಲ್ಸ್ ಎಂಬ ಬೈಕ್ ಸವಾರರ ಗುಂಪು. ಹಾಡು ನಡೆಯುತ್ತಿರುವಾಗಲೇ ಮೆರೆಡಿತ್ ಹಂಟರ್ ಎಂಬ ಹದಿನೆಂಟು ವರ್ಷದ ಕಪ್ಪು ಹುಡುಗನನ್ನು ಅವರಲ್ಲೊಬ್ಬ ಇರಿದು ಕೊಂದ. ಅದು ಕ್ಯಾಮೆರಾದಲ್ಲಿ ಸಿಕ್ಕಿಬಿದ್ದಿತ್ತು.

ಅಣ್ಣತಮ್ಮಂದಿರು, ಅವರ ಜೊತೆ ಶಾರ್ಲಟ್ ಜ್ವೆರಿನ್ ಏನು ಮಾಡಿದರು ನೋಡಿ. (ಜ್ವೆರಿನ್ ಸಂಕಲನ ಮಾಡಿದಾಕೆ, ನಿರ್ದೇಶಕರಲ್ಲಿ ಮೂರನೆಯವರಾಗಿ ಅವರ ಹೆಸರಿದೆ. ‘ಜೋಡಿ’ ಎಂದು ನಾವು ಹಾಡಿಹೊಗಳುವಾಗ ಇಂಥ ಮೂರನೆಯ ಹೆಂಗಸರು ಎಷ್ಟು ಜನ ಬಿಟ್ಟುಹೋಗುತ್ತಾರೋ.) ಅವರು ಮಿಕ್ ಜ್ಯಾಗರ್‌ನನ್ನು ಎಡಿಟಿಂಗ್ ಟೇಬಲ್ಲಿನ ಎದುರು ಕೂರಿಸಿದರು. ತಾನು ಹಾಡುತ್ತಿರುವಾಗ ಎದುರಿಗೇ ನಡೆದ ಕೊಲೆಯನ್ನು ಆತ ಆ ಪುಟ್ಟ ಪರದೆಯಲ್ಲಿ ನೋಡುತ್ತಾನೆ. ಡೇವಿಡ್ ಚಿತ್ರವನ್ನು ಹಿಂದಕ್ಕೆ ಓಡಿಸಿ, ನಿಲ್ಲಿಸಿ ತೋರಿಸುತ್ತಾರೆ. ನೋಡುತ್ತಿರುವ ಆತನನ್ನೇ ಚಿತ್ರೀಕರಿಸಿ ಅದನ್ನು ಚಿತ್ರದ ಬೆನ್ನೆಲುಬು ಮಾಡಿಕೊಂಡರು. ಆತ ದೊಡ್ಡದೇನನ್ನೂ ಹೇಳುವುದಿಲ್ಲ, ಎದ್ದು ಹೋಗುತ್ತಾನೆ. ಆ ಮೌನವೇ ಚಿತ್ರದಲ್ಲಿ ಉಳಿದಿದೆ.

ಈ ಚಿತ್ರದ ಮೇಲೆ ಆರೋಪವೇ ಇಲ್ಲವೆಂದಲ್ಲ. ಪಾಲಿನ್ ಕೇಲ್ ಆಗಲೇ ‘ನ್ಯೂಯಾರ್ಕರ್’ನಲ್ಲಿ ಚೆನ್ನಾಗಿ ಝಾಡಿಸಿದ್ದರು, ಸಿನಿಮಾಕ್ಕಾಗಿ ನಡೆದಂತಿರುವ ಘಟನೆಯನ್ನು ಸತ್ಯವೆಂದು ತೋರಿಸುತ್ತಿದ್ದಾರೆ ಎಂಬುದು ಆಕೆಯ ತಕರಾರಿನ ತಿರುಳು. ಇರಲಿ. ನನ್ನ ವಾದಕ್ಕೆ ಅವರು ಪರಿಶುದ್ಧರಾಗಿರಬೇಕಾದ ಅಗತ್ಯವಿಲ್ಲ. ಜಾಹೀರಾತಿನವರಾದ ಅವರಿಗೆ ಒಂದು ವಿಷಯ ಗೊತ್ತಿತ್ತು, ಅಷ್ಟು ಸಾಕು: ಕ್ಯಾಮೆರಾ ಹಿಡಿದದ್ದನ್ನು, ಅದರಲ್ಲಿ ಸಿಕ್ಕಿದವನ ಎದುರು ಒಮ್ಮೆ ಇಡಬೇಕು.

ನಮ್ಮ ದೊಡ್ಡಪ್ಪನನ್ನು ಯಾವ ಟೇಬಲ್ಲಿನ ಎದುರೂ ಯಾರೂ ಕೂರಿಸಲಿಲ್ಲ. ಕೂರಿಸಿದ್ದರೆ ‘ಬಾಗ್ಲು ಎಲ್ಲಿ?’ ಎಂಬ ಪ್ರಶ್ನೆ ಎರಡು ತಿಂಗಳು ಮೊದಲೇ, ಕೇಳಬೇಕಾದವರ ಕಿವಿಗೇ ಬೀಳುತ್ತಿತ್ತು.

‘ಹಳ್ಳಿಯವರಿಗೆ ಎಡಿಟಿಂಗ್ ಎಲ್ಲಿ ಅರ್ಥವಾಗುತ್ತೆ’ ಎನ್ನುವವರಿಗೆ ಸಾಗರ ತಾಲ್ಲೂಕಿನ ಹೆಗ್ಗೋಡನ್ನು ತೋರಿಸುತ್ತೇನೆ. ಎಪ್ಪತ್ತರ ದಶಕದಲ್ಲೇ ಕೆ.ವಿ. ಸುಬ್ಬಣ್ಣ ಮತ್ತು ನೀನಾಸಂ ಚಿತ್ರಸಮಾಜದವರು ಅಡಿಕೆ ಸುಲಿಯುವ ಕೈಗಳ ಎದುರು ‘ಪಥೇರ್ ಪಾಂಚಾಲಿ’, ‘ರಾಶೋಮನ್’ ತೋರಿಸಿದ್ದರು. ಕುರೊಸಾವಾನನ್ನು ನೋಡಿ ಚರ್ಚೆ ಮಾಡಬಲ್ಲ ಊರಿನವರು ತಮ್ಮದೇ ಮುಖವಿರುವ ಹನ್ನೊಂದು ನಿಮಿಷದ ಬಗ್ಗೆ ಮಾತಾಡಲಾರರೆ?

ಈಗ ನಮ್ಮವರ ಕಡೆಗೆ ಬರುತ್ತೇನೆ. ಸಂಗೀತಗಾರರ ಬಗ್ಗೆ ಕನ್ನಡದಲ್ಲಿ ಬರುವ ಸಾಕ್ಷ್ಯಚಿತ್ರಗಳನ್ನು ಸಂಶೋಧನೆಯ ನೆಪದಲ್ಲಿ ಬಹಳಷ್ಟು ನೋಡಿದ್ದೇನೆ. ಅವುಗಳಲ್ಲಿ ಹೆಚ್ಚಿನವನ್ನು ಮಾಡಿದವರು ಜಾಹೀರಾತಿನವರಲ್ಲ; ಅಕಾಡೆಮಿ, ಇಲಾಖೆ, ಟ್ರಸ್ಟು, ಅಭಿಮಾನಿ ಬಳಗದವರು. ಹುಟ್ಟಿದ ಮನೆಯ ಒಂದು ಶಾಟು. ಪ್ರಶಸ್ತಿ ಫಲಕಗಳ ಮೇಲೆ ತೆವಳುವ ಕ್ಯಾಮೆರಾ. ‘ಗುರುಗಳು ದೇವರ ಹಾಗೆ’ ಎನ್ನುವ ಮೂವರು ಶಿಷ್ಯರು. ಶಾಲು, ಹಾರ, ಹಣ್ಣಿನ ಬುಟ್ಟಿ. ಗುರುವಿನ ಜೊತೆ ಜಗಳವಾಡಿ ಮನೆ ಬಿಟ್ಟ ಶಿಷ್ಯ ಇಲ್ಲ, ಕಛೇರಿ ಸಿಗದ ಹತ್ತು ವರ್ಷ ಇಲ್ಲ, ಹಾಡಬೇಕೆಂದಿದ್ದು ಹಾಡದೇ ಉಳಿದ ಹೆಂಡತಿ ಇಲ್ಲ. ಒಂದು ರಾಗ ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಕೇಳಿಸುವುದೂ ಇಲ್ಲ. ಅಭಿನಂದನ ಗ್ರಂಥ ಎಂಬ ನಮ್ಮ ರಾಷ್ಟ್ರೀಯ ರೋಗಕ್ಕೆ ಕ್ಯಾಮೆರಾ ಸಿಕ್ಕಿದರೆ ಹೇಗಿರುತ್ತದೋ ಹಾಗೆ. ಇದು ಜಾಹೀರಾತಲ್ಲದೆ ಮತ್ತೇನು? ಸೋಪಿನ ಜಾಹೀರಾತಿಗಾದರೂ ತಾನು ಸೋಪು ಮಾರುತ್ತಿದ್ದೇನೆಂಬ ಎಚ್ಚರ ಇರುತ್ತದೆ.

ಅಪವಾದಗಳಿವೆ. ಗಿರೀಶ ಕಾರ್ನಾಡರ ‘ಕನಕ-ಪುರಂದರ’ಕ್ಕೆ, ಮಲ್ಲಿಕಾರ್ಜುನ ಮನ್ಸೂರರ ಬಗ್ಗೆ ನಂದನ್ ಕುಡ್ಯಾಡಿ ಮಾಡಿದ ‘ರಸಯಾತ್ರಾ’ಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ. ಆದರೆ ಅಪವಾದಗಳ ಹೆಸರು ಹೇಳಿ ಪಾರಾಗುವ ಚಟ ನಮಗೆ ಸಾಕಷ್ಟಿದೆ.

ಸೋಪಿನ ಮಾತು ಬಂದದ್ದಕ್ಕೆ ಒಂದು ತಮಾಷೆ ನೆನಪಾಗುತ್ತದೆ. ನಮ್ಮ ಗದಗಿನ ಭೀಮಸೇನ ಜೋಶಿಯವರನ್ನು ದೇಶದ ಮನೆಮನೆಗೆ ಕಾಣಿಸಿದ್ದು ಯಾವ ಸಾಕ್ಷ್ಯಚಿತ್ರ? ಗುಲ್ಜಾರ್ ಅವರ ಬಗ್ಗೆ ಚೆಂದದ ಚಿತ್ರ ಮಾಡಿದ್ದಾರೆ, ನೋಡಿದವರು ಎಷ್ಟು ಜನ? ಕಾಣಿಸಿದ್ದು ಜಾಹೀರಾತಿನ ಮತ್ತೊಂದು ಜೋಡಿ. 1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಮೊದಲು ಬಂದ ‘ಮಿಲೇ ಸುರ್ ಮೇರಾ ತುಮ್ಹಾರಾ’. ಕಲ್ಪನೆ ಒಗಿಲ್ವಿ ಕಂಪನಿಯ ಸುರೇಶ್ ಮಲ್ಲಿಕ್ ಅವರದ್ದು, ನಿರ್ದೇಶನ ಜಾಹೀರಾತು ಚಿತ್ರಗಳ ಕೈಲಾಶ್ ಸುರೇಂದ್ರನಾಥ್ ಅವರದ್ದು, ಸಾಹಿತ್ಯ ಬರೆದ ಪೀಯೂಷ್ ಪಾಂಡೆ ಕೂಡ ಜಾಹೀರಾತಿನವರೇ. ಶುರುವಿನಲ್ಲಿ ಕಾಣುವ ಜಲಪಾತ ಕೊಡೈಕನಾಲಿನದು. ಲಿರಿಲ್ ಸೋಪಿನ ಜಾಹೀರಾತಿನಿಂದಾಗಿ ಅದಕ್ಕೆ ಲಿರಿಲ್ ಫಾಲ್ಸ್ ಎಂದೇ ಅಡ್ಡಹೆಸರು. ಕಿರಾನಾ ಘರಾಣೆಯ ದನಿ ಸೋಪಿನ ಜಲಪಾತದ ಜೊತೆಗೆ ದೇಶಕ್ಕೆ ಪರಿಚಯವಾಯಿತು! ನನಗೆ ಇದರಲ್ಲಿ ಅಸಹ್ಯವೇನೂ ಕಾಣುವುದಿಲ್ಲ. ಆರು ನಿಮಿಷದ ಆ ಚಿತ್ರ ತಾನು ದೇಶದ ಒಗ್ಗಟ್ಟನ್ನು ಮಾರುವ ಜಾಹೀರಾತು ಎಂದು ಒಪ್ಪಿಕೊಂಡೇ ಬಂದದ್ದು. ಎಲ್ಲ ಭಾಷೆಯವರ ಬಾಯಲ್ಲೂ ಒಂದೇ ಮಾತನ್ನು ಇಟ್ಟರು. ಜಾಹೀರಾತು ಮಾಡಬಲ್ಲದ್ದು ಅದನ್ನೇ. ಕನ್ನಡದ ಬಾಯಿಗೆ ಬೇರೆ ಏನೋ ಹೇಳುವುದಿದ್ದರೆ ಅದಕ್ಕೆ ಬೇರೆ ಚಿತ್ರ ಬೇಕು. ಆ ಬೇರೆ ಚಿತ್ರವನ್ನು ಮಾಡುತ್ತಿದ್ದೇವೆಂದು ಹೇಳಿಕೊಂಡು ಬಂದು, ಮಾಡದೆ ಹೋಗುವವರ ಮೇಲೆ ನನ್ನ ಜಗಳ.

ಅಂದರೆ ಜಗಳ ಇರುವುದು ಕಸುಬಿನ ಮೇಲಲ್ಲ, ಕರಾರಿನ ಮೇಲೆ. ಮತ್ತೆ ಮೇಗರವಳ್ಳಿಗೆ ಬರಬೇಕು.

ಎರಡು ದಿನದಲ್ಲಿ ಅವರು ಹಿಡಿದದ್ದು ಸುಮಾರು ಏಳು ಗಂಟೆಯಷ್ಟು. ಅದರಲ್ಲಿ ಬಾಗಿಲು ತೆಗೆಸುವ ಪದ ಮೊದಲಿನಿಂದ ಕೊನೆಯವರೆಗೆ ಇದೆ, ನಾನು ಪಕ್ಕದಲ್ಲೇ ಛತ್ರಿ ಹಿಡಿದು ನಿಂತಿದ್ದೆ. ಸೊಲ್ಲು ಹಿಡಿಯುವ ಇಬ್ಬರಲ್ಲಿ ಹಿರಿಯರು ಕಳೆದ ವರ್ಷ ತೀರಿಕೊಂಡರು. ಅವರಿಗೆ ಮಾತ್ರ ಗೊತ್ತಿದ್ದ ಒಂದು ಪದ ಆ ಏಳು ಗಂಟೆಯೊಳಗೆ ಎಲ್ಲೋ ಇದೆ, ನನ್ನ ಮೊಬೈಲಿನಲ್ಲಿ ಇಲ್ಲ. ಫುಟೇಜ್ ಕೊಡಿ ಎಂದು ಬರೆದೆ. ಕೊಡಬೇಕೆಂಬ ಆಸೆ ಅವರಿಗೂ ಇದ್ದಂತಿತ್ತು. ‘ಹಕ್ಕು ನಮ್ಮದಲ್ಲ, ದುಡ್ಡು ಹಾಕಿದವರದ್ದು’ ಎಂದು ಉತ್ತರ ಬಂತು. ದುಡ್ಡು ಹಾಕಿದವರಿಗೆ ಬರೆದೆ. ಉತ್ತರ ಬರಲಿಲ್ಲ.

ಹಕ್ಕು ಅವರದ್ದಾದದ್ದು ಹೇಗೆ? ಚಿತ್ರೀಕರಣದ ಮೊದಲ ದಿನ ಬೆಳಿಗ್ಗೆ, ಕಾಫಿ ಕುಡಿಯುವಾಗ, ಇಂಗ್ಲಿಷಿನಲ್ಲಿದ್ದ ಒಂದು ಹಾಳೆಗೆ ಹಾಡುಗಾರರೆಲ್ಲ ಸಹಿ ಹಾಕಿದ್ದರು. ಯಾವ ಮಾಧ್ಯಮದಲ್ಲಾದರೂ, ಎಷ್ಟು ಕಾಲವಾದರೂ, ಯಾವ ಉದ್ದೇಶಕ್ಕಾದರೂ ಬಳಸಬಹುದು ಎಂದಿತ್ತು. ‘ಏನಿಲ್ಲ, ಫೋಟೋ ತೆಗೆಯೋಕೆ ಒಪ್ಪಿಗೆ ಅಂತ’ ಎಂದು ಕನ್ನಡದಲ್ಲಿ ಹೇಳಿ ಸಹಿ ಹಾಕಿಸಿದವನು ನಾನೇ.

ಆಮೇಲೆ ಬುದ್ಧಿ ಬಂದು ಕಾನೂನು ಓದಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯಲ್ಲಿ ಪ್ರದರ್ಶಕರ ಹಕ್ಕಿನ ಕಲಮುಗಳಿವೆ: 38ಎ, 38ಬಿ. ಹಾಡುವವನೂ ಪ್ರದರ್ಶಕನೇ. ತನ್ನ ಹೆಸರು ಹಾಕಿಸಿಕೊಳ್ಳುವ ಹಕ್ಕು ಅವನಿಗಿದೆ, ತನ್ನ ಪ್ರದರ್ಶನವನ್ನು ಹೆಸರಿಗೆ ಕುಂದು ಬರುವಂತೆ ತಿರುಚಿದರೆ ತಡೆಯುವ ಹಕ್ಕೂ ಇದೆ. ಚಿತ್ರಕ್ಕೆ ಸೇರಿಸಲು ಒಮ್ಮೆ ಬರಹದಲ್ಲಿ ಒಪ್ಪಿದರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ನಿರ್ಮಾಪಕನಿಗೆ ಅಡ್ಡಿ ಮಾಡುವಂತಿಲ್ಲ. ಆದರೆ ವಾಣಿಜ್ಯ ಬಳಕೆಗೆ ರಾಯಧನ ಕೇಳಬಹುದು. ಇಷ್ಟು ಓದಿ ಉಬ್ಬಿದೆ. ಕೆಳಗೆ ಒಂದು ವಿವರಣೆ ಇತ್ತು: ಎಡಿಟಿಂಗಿಗಾಗಿ, ಇಲ್ಲವೇ ಇಂತಿಷ್ಟು ಸಮಯದೊಳಗೆ ಹೊಂದಿಸುವುದಕ್ಕಾಗಿ, ಪ್ರದರ್ಶನದ ಒಂದು ಭಾಗವನ್ನು ತೆಗೆದುಹಾಕಿದ ಮಾತ್ರಕ್ಕೆ ಹೆಸರಿಗೆ ಕುಂದು ಬಂತೆಂದು ಎಣಿಸುವಂತಿಲ್ಲ. ಬಾಗಿಲು ತೆಗೆಸಲೆಂದೇ ಇರುವ ಹಾಡಿನಿಂದ ಬಾಗಿಲನ್ನೇ ಕತ್ತರಿಸಿದರೆ ಕಾನೂನಿನ ಲೆಕ್ಕದಲ್ಲಿ ಅದು ಏನೂ ಅಲ್ಲ.

ಹಾಗಾಗಿ ಕರಾರಿನಲ್ಲೇ ಬರೆಸಿಕೊಳ್ಳಬೇಕು, ಬೇರೆ ದಾರಿಯಿಲ್ಲ. ಹಾಳೆ ಕನ್ನಡದಲ್ಲಿರಬೇಕು. ಸಾಕ್ಷ್ಯಚಿತ್ರಕ್ಕೆ ಕೊಟ್ಟ ಒಪ್ಪಿಗೆ ಜಾಹೀರಾತಿಗೆ ಸಲ್ಲಬಾರದು. ಅದಕ್ಕೆ ಬೇರೆ ಹಾಳೆ, ಬೇರೆ ದುಡ್ಡು. ಕೊನೆಯ ರೂಪಕ್ಕೆ ಬರುವ ಮೊದಲು ಹಾಡಿದವರ ಮನೆಗೆ ಬಂದು ತೋರಿಸಬೇಕು. ಮತ್ತು ಹಿಡಿದ ಅಷ್ಟೂ ಫುಟೇಜಿನ ಒಂದು ಪ್ರತಿ ಹಾಡಿದವರಿಗೂ ಒಂದು ಸಂಗ್ರಹಾಲಯಕ್ಕೂ ಸೇರಬೇಕು. ಒಂದು ಹಾರ್ಡ್‌ಡಿಸ್ಕಿನ ಬೆಲೆ ಡ್ರೋನಿನ ಒಂದು ದಿನದ ಬಾಡಿಗೆಗಿಂತ ಹೆಚ್ಚಿರಲಾರದು. ಇದು ಆಗದ ಮಾತೂ ಅಲ್ಲ. ಬೆಂಗಳೂರಿನಲ್ಲೇ ಕೂತು ಶಬ್ನಮ್ ವಿರ್ಮಾನಿ ಕಬೀರನ ಹಿಂದೆ ವರ್ಷಗಟ್ಟಲೆ ಅಲೆದು ನಾಲ್ಕು ಚಿತ್ರ ಮಾಡಿದರು. ಅವುಗಳಲ್ಲೊಂದು, ‘ಕೋಯಿ ಸುನ್ತಾ ಹೈ’, ನಮ್ಮ ಬೆಳಗಾವಿ ಸೀಮೆಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಜಾಡು ಹಿಡಿದು ಹೋಗುತ್ತದೆ. ಚಿತ್ರಗಳು ಮುಗಿದ ಮೇಲೆ ಕೈ ತೊಳೆದುಕೊಳ್ಳಲಿಲ್ಲ. ‘ಅಜಬ್ ಶಹರ್’ ಎಂಬ ಅಂತರ್ಜಾಲ ಸಂಗ್ರಹದಲ್ಲಿ ಹಾಡುಗಳನ್ನು ಪಠ್ಯ, ಅನುವಾದದ ಸಮೇತ ಇಟ್ಟಿದ್ದಾರೆ. ಯಾರು ಬೇಕಾದರೂ ಕೇಳಬಹುದು. ಆಕೆ ಸ್ವತಃ ತಂಬೂರಿ ಹಿಡಿದು ಹಾಡಲು ಕಲಿತದ್ದು ಬೇರೆಯೇ ಕತೆ.

‘ಇಷ್ಟೆಲ್ಲ ಷರತ್ತು ಹಾಕಿದರೆ ಯಾರೂ ಬರುವುದಿಲ್ಲ, ಇರುವ ಹಾಡೂ ದಾಖಲಾಗದೆ ಹೋಗುತ್ತದೆ’ ಎಂದು ನನ್ನ ಗೈಡ್ ಹೇಳುತ್ತಾರೆ. ಈ ಮಾತಿಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಆ ತೀರಿಕೊಂಡವರ ಪದವನ್ನು ನೆನೆದಾಗ, ಕೆಟ್ಟ ಕರಾರಿನಲ್ಲಾದರೂ ಅದು ಎಲ್ಲೋ ಒಂದು ಡಿಸ್ಕಿನಲ್ಲಿ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡದ್ದೂ ಉಂಟು. ಮರುಕ್ಷಣವೇ, ಕೇಳಲಾಗದ ದಾಖಲೆ ಇದ್ದೂ ಏನು ಬಂತು ಎನ್ನಿಸುತ್ತದೆ. ವಿಶ್ವವಿದ್ಯಾಲಯದ ಬೀರುವಿನಲ್ಲಿ ಬೀಗ ಹಾಕಿಟ್ಟ ಕ್ಯಾಸೆಟ್ಟಿಗೂ ಈ ಮಾತು ಅನ್ವಯಿಸುತ್ತದೆ. ಜಾಹೀರಾತಿನವರನ್ನು ‘ಬಿಡ್ರೀ’ ಎನ್ನುವವರು ಆ ಬೀರುವಿನ ಬೀಗದ ಕೈ ಎಲ್ಲಿದೆ ಎಂದು ಮೊದಲು ಹುಡುಕಲಿ.

ಈ ವರ್ಷ ಇನ್ನೊಂದು ತಂಡ ಫೋನು ಮಾಡಿತ್ತು. ಮತ್ತೆ ಇಬ್ಬರೇ, ಮತ್ತೆ ಆ್ಯಡ್ ಮಾಡುವವರೇ. ನಾನು ಹಾಳೆಯನ್ನು ಕನ್ನಡದಲ್ಲಿ ಬರೆದು ಕಳಿಸಿ, ದೊಡ್ಡಪ್ಪನನ್ನೂ ಕೇಳಿದೆ. ‘ಬರ್ಲಿ’ ಎಂದರು. ಆದರೆ ದೀಪಾವಳಿಗೇ ಬರಬೇಕಂತೆ, ಲೈಟು ತರಬಾರದಂತೆ, ಮೊದಲ ಮನೆಯಿಂದ ಬೆಳಗಿನ ಜಾವದ ಕೊನೆಯ ಮನೆಯವರೆಗೆ ಜೊತೆಗೇ ನಡೆಯಬೇಕಂತೆ. ‘ಬಾಗ್ಲು ತೆಗೆಯೋವರೆಗೂ ಅದನ್ನ ಬಂದ್ ಮಾಡ್ಬಾರ್ದು ಅಂತ ಬರ್ಸು’ ಎಂದರು. ಬರೆಸಿದ್ದೇನೆ. ಅವರ ಉತ್ತರಕ್ಕೆ ಕಾಯುತ್ತಿದ್ದೇನೆ.